ದಿಮ್ಮಿಮನೆಯ ಬಾಗಿಲು ಹಿಡಿದರೆ ಮೊದಲು ಗೋಡೆಯನ್ನು ಅಳೆಯಿರಿ

ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯ ಹಿಂದೆ, ಕಾಫಿ ತೋಟದ ಅಂಚಿನಲ್ಲಿ, 12 ಅಡಿ ಉದ್ದ ಮತ್ತು 10 ಅಡಿ ಅಗಲದ ಒಂದು ದಿಮ್ಮಿಮನೆಯನ್ನು ನಾನೇ ಕಟ್ಟಿಕೊಂಡಿದ್ದೇನೆ. ನೆರಳಿಗೆಂದು ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸಿದ್ದ ಸಿಲ್ವರ್ ಓಕ್ ಮರಗಳಲ್ಲಿ ಕೆಲವನ್ನು ಜನವರಿಯಲ್ಲಿ ಕಡಿಸಿ, ದಿಮ್ಮಿಗಳ ಎರಡು ಮುಖವನ್ನು ಮಿಲ್ಲಿನಲ್ಲಿ ಸಪಾಟು ಮಾಡಿಸಿ, ಮೂಲೆಗಳಲ್ಲಿ ಕಚ್ಚು ಹಾಕಿ ಒಂದರ ಮೇಲೊಂದನ್ನು ಅಡ್ಡಲಾಗಿ ಕೂರಿಸಿ, ಏಪ್ರಿಲ್ ಕೊನೆಗೆ ಗೋಡೆ ಎಬ್ಬಿಸಿದೆ. ಆರು ಇಂಚಿನ ಹದಿನಾಲ್ಕು ವರಸೆ, ಒಟ್ಟು ಏಳು ಅಡಿ ಎತ್ತರ. ಮೇಲೆ ಮಂಗಳೂರು ಹಂಚು, ಬಡಗು ಬದಿಗೆ ತಗಡಿನ ಶೀಟು ಹೊದಿಸಿದ ಆರಡಿ ಜಗಲಿ. ಮರ ಕಡಿದು ಮೂರೇ ತಿಂಗಳಿಗೆ ಗೋಡೆ ಕಟ್ಟಿದ್ದು ಅವಸರವಾಯಿತೆಂಬುದು ಕಟ್ಟುವಾಗಲೇ ತಿಳಿದಿತ್ತು, ಆದರೆ ಮಳೆ ಹಿಡಿಯುವ ಮೊದಲು ಸೂರು ಮುಚ್ಚಬೇಕೆಂಬ ಹಟ ಬುದ್ಧಿಗಿಂತ ಮುಂದಿತ್ತು.

ಅನಂತರದ ಎರಡು ವರ್ಷಗಳಲ್ಲಿ ಈ ಪುಟ್ಟ ಮನೆ ತೋರಿದ ದೋಷಗಳು ಒಂದೆರಡಲ್ಲ. ಬಾಗಿಲು ಹಿಡಿಯಿತು, ದಿಮ್ಮಿಗಳ ನಡುವೆ ಸಂದು ಬಿಟ್ಟಿತು, ಜಗಲಿಯ ಮೂಲೆ ಸೋರಿತು, ವೈರಿಂಗಿನ ಪೈಪು ಬಿಲ್ಲಿನಂತೆ ಬಾಗಿತು, ಕಂಬದ ಬುಡದಲ್ಲಿ ಹಿಟ್ಟಿನಂಥ ಪುಡಿ ಬಿತ್ತು. ಒಂದೊಂದನ್ನೂ ಬೇರೆ ಬೇರೆ ರೋಗವೆಂದು ಭಾವಿಸಿ ಒಂದೊಂದಕ್ಕೂ ಬೇರೆ ಮದ್ದು ಅರೆದೆ. ಕಡೆಗೆ ನೋಡಿದರೆ ಮೊದಲ ನಾಲ್ಕಕ್ಕೂ ಬೇರು ಒಂದೇ: ಗೋಡೆ ಕೆಳಗಿಳಿಯುತ್ತಿತ್ತು, ನಾನು ಅದನ್ನು ಇಳಿಯಲು ಬಿಟ್ಟಿರಲಿಲ್ಲ. ಇಂಥದೇ ಮನೆಯನ್ನು ಸಕಲೇಶಪುರ, ಬೇಲೂರು, ಕೊಪ್ಪದ ಕಡೆ ಕಟ್ಟಿಕೊಂಡವರಿಗೆ ಅಥವಾ ಕಟ್ಟಲು ಹೊರಟವರಿಗೆ, ದೋಷ ಕಂಡಾಗ ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ನಾನು ಕಂಡುಕೊಂಡ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಗೋಡೆ ಏಕೆ ಇಳಿಯುತ್ತದೆ

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಜೀವಕೋಶಗಳ ಟೊಳ್ಳಿನಲ್ಲಿ ತುಂಬಿದ ನೀರು ಮೊದಲು ಆರುತ್ತದೆ, ಅದು ಹೋದರೆ ಮರದ ತೂಕ ಇಳಿಯುವುದೇ ಹೊರತು ಗಾತ್ರ ಕುಗ್ಗುವುದಿಲ್ಲ. ತೇವಾಂಶ ಶೇ 28ರಿಂದ 30ರ ಸುಮಾರಿಗೆ ಬಂದ ಮೇಲೆ ಕೋಶಗಳ ಗೋಡೆಯೊಳಗಿನ ನೀರು ಹೊರಡಲಾರಂಭಿಸುತ್ತದೆ, ಮರ ಕುಗ್ಗುವುದು ಅಲ್ಲಿಂದ ಮುಂದೆ. ಕುಗ್ಗುವಿಕೆಯೂ ಎಲ್ಲ ದಿಕ್ಕಿಗೆ ಸಮನಲ್ಲ. ವಾರ್ಷಿಕ ಉಂಗುರಗಳ ಗುಂಟ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಅದರ ಅರ್ಧ, ಉದ್ದಕ್ಕೆ ಮಾತ್ರ ಇಲ್ಲವೆಂದೇ ಹೇಳಬಹುದಾದಷ್ಟು ಕಡಿಮೆ. ನಿಲ್ಲಿಸಿದ ಕಂಬ ಗಿಡ್ಡವಾಗದೆ, ಮಲಗಿಸಿದ ದಿಮ್ಮಿಗಳ ಗೋಡೆ ಗಿಡ್ಡವಾಗುವುದು ಇದರಿಂದಲೇ. ದಿಮ್ಮಿಮನೆಯ ಮುಕ್ಕಾಲು ಪಾಲು ತಕರಾರು ಈ ಒಂದು ವಾಕ್ಯದಲ್ಲಿ ಅಡಗಿದೆ, ಏಕೆಂದರೆ ಗೋಡೆಯಲ್ಲಿ ಮಲಗಿದ ಮರವೂ ಇದೆ, ಬಾಗಿಲವಾಡದ ರೂಪದಲ್ಲಿ ನಿಂತ ಮರವೂ ಇದೆ, ಎರಡನ್ನೂ ನಾವು ಸ್ಕ್ರೂ ಹೊಡೆದು ಒಂದಕ್ಕೊಂದು ಕಟ್ಟಿಹಾಕಿರುತ್ತೇವೆ.

ತೀರ ಹಸಿಯಾದ ದಿಮ್ಮಿಗಳಿಗೆ ಒಂದಡಿ ಎತ್ತರಕ್ಕೆ ಅರ್ಧದಿಂದ ಮುಕ್ಕಾಲು ಇಂಚು ಇಳಿತವನ್ನು ಲೆಕ್ಕಕ್ಕಿಡಬೇಕೆಂಬುದು ದಿಮ್ಮಿಮನೆ ಕಟ್ಟುವವರಲ್ಲಿ ಬಳಕೆಯಲ್ಲಿರುವ ಅಳತೆ. ಆರಡಿ ಬಾಗಿಲಿನ ಮೇಲೆ ಕಡಿಮೆಯೆಂದರೂ ಮೂರು ಇಂಚು ಖಾಲಿ ಬಿಡಬೇಕು ಎಂದಾಯಿತು. ನಾನು ಬಿಟ್ಟದ್ದು ಅರ್ಧ ಇಂಚು. ಅದನ್ನೂ ಜಿರಳೆ ಹೋಗುತ್ತದೆಂದು ಮರದ ಪಟ್ಟಿ ತುರುಕಿ ಮುಚ್ಚಿದ್ದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಒಣಗಿದ ಮರವೂ ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ ಶೇ 90ರಷ್ಟಿದ್ದಾಗ ಮರ ಶೇ 20ರ ಆಸುಪಾಸಿನಲ್ಲಿಯೂ, ಶೇ 50ಕ್ಕೆ ಇಳಿದಾಗ ಶೇ 9ರ ಆಸುಪಾಸಿನಲ್ಲಿಯೂ ನಿಲ್ಲುತ್ತದೆ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಬಟ್ಟೆ ಆರದ ನಮ್ಮ ಊರಿನಲ್ಲಿ ಮರ ಉಬ್ಬುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಫೆಬ್ರವರಿ, ಮಾರ್ಚಿನಲ್ಲಿ ಕುಗ್ಗುತ್ತದೆ. ಹೀಗೆ ಗೋಡೆಯಲ್ಲಿ ಎರಡು ಚಲನೆಗಳು ಒಟ್ಟಿಗೆ ನಡೆಯುತ್ತವೆ: ವರ್ಷವರ್ಷಕ್ಕೂ ಹೋಗಿಬರುವ ಉಬ್ಬು ಮತ್ತು ಕುಗ್ಗು ಒಂದು, ಮೊದಲ ಎರಡು ಮೂರು ವರ್ಷ ಮಾತ್ರ ನಡೆಯುವ, ಹಿಂದಿರುಗಿ ಬಾರದ ಇಳಿತ ಇನ್ನೊಂದು. ಯಾವ ದೋಷ ಯಾವುದರಿಂದ ಬಂದದ್ದೆಂದು ಬೇರ್ಪಡಿಸದೆ ಉಳಿ ಹಿಡಿಯಬಾರದು.

ಬಾಗಿಲು ಹಿಡಿಯುವುದು

ಮೊದಲ ಜುಲೈಯಲ್ಲಿ ಬಾಗಿಲು ಹಿಡಿಯಿತು. ತೆರೆಯಲು ಭುಜ ಕೊಟ್ಟು ನೂಕಬೇಕು, ಮುಚ್ಚಲು ಕಾಲು ಕೊಡಬೇಕು. ಊರಿನ ಆಚಾರ್ರನ್ನು ಕರೆಸಿದಾಗ ಅವರು ಕದವನ್ನೊಮ್ಮೆ ಆಡಿಸಿ ನೋಡಿ, "ಈಗ ಹತ್ತರಿ ಹೊಡೆಯೋದು ಬ್ಯಾಡ ಸ್ವಾಮಿ, ಮಳೆಗಾಲದಲ್ಲಿ ಕೀಸಿದ್ ಬಾಗ್ಲು ಬೇಸಿಗೇಲಿ ಗಾಳಿ ಬಿಡ್ತದೆ" ಎಂದರು. ಅವರು ಹೋದ ಮೇಲೆ ನಾನೇ ಹತ್ತರಿ ಹಿಡಿದು ಚಿಲಕದ ಬದಿಯಲ್ಲಿಯೂ ಮೇಲಂಚಿನಲ್ಲಿಯೂ ನಾಲ್ಕು ನಾಲ್ಕು ಮಿ.ಮೀ. ಕೀಸಿದೆ. ಫೆಬ್ರವರಿಯಲ್ಲಿ ಚಿಲಕದ ಬದಿಯ ಸಂದಿನಲ್ಲಿ ಪೆನ್ಸಿಲು ಸಲೀಸಾಗಿ ಹೋಗಿ ಬರುತ್ತಿತ್ತು, ಆಚಾರ್ರ ಮಾತು ಅಕ್ಷರಶಃ ನಿಜವಾಗಿತ್ತು. ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಸಂದಲ್ಲ. ಮರವೆಲ್ಲ ಒಣಗಿ ಕುಗ್ಗಿದ ಅದೇ ಫೆಬ್ರವರಿಯಲ್ಲಿ ಕದದ ಮೇಲಂಚು ಮಾತ್ರ ಮಳೆಗಾಲಕ್ಕಿಂತ ಬಿಗಿಯಾಗಿ ಉಜ್ಜುತ್ತಿತ್ತು. ಕದ ಉಬ್ಬಿದ್ದೇ ಕಾರಣವಾಗಿದ್ದರೆ ಬೇಸಿಗೆಯಲ್ಲಿ ಅದು ಎಲ್ಲ ಕಡೆಯೂ ಸಡಿಲವಾಗಬೇಕಿತ್ತು.

ಆದ್ದರಿಂದ ಮೊದಲ ಪರೀಕ್ಷೆ ಎಲ್ಲಿ ಉಜ್ಜುತ್ತದೆ ಎಂಬುದು. ಕದದ ಅಂಚಿಗೆಲ್ಲ ಸೀಮೆಸುಣ್ಣ ಬಳಿದು ಒಮ್ಮೆ ಮುಚ್ಚಿ ತೆರೆದರೆ ಚೌಕಟ್ಟಿನ ಮೇಲೆ ಸುಣ್ಣ ಹತ್ತಿದ ಜಾಗವೇ ಉತ್ತರ ಹೇಳುತ್ತದೆ. ಚಿಲಕದ ಬದಿಯ ಉದ್ದಕ್ಕೂ ತೆಳ್ಳಗೆ ಹತ್ತಿದ್ದರೆ ಕದ ಉಬ್ಬಿದೆ. ಚಿಲಕದ ಬದಿಯ ಮೇಲ್ಮೂಲೆಯಲ್ಲಿಯೋ ಕೆಳಮೂಲೆಯಲ್ಲಿಯೋ ಮಾತ್ರ ಹತ್ತಿದ್ದರೆ ತಿರುಗಣೆಯ ಸ್ಕ್ರೂ ಸಡಿಲವಾಗಿ ಕದ ಜೋತಿರಬಹುದು ಅಥವಾ ಚೌಕಟ್ಟು ಓರೆಯಾಗಿರಬಹುದು. ಕದವನ್ನು ಅರ್ಧ ತೆರೆದು ಹಿಡಿಯಿಂದ ಮೇಲಕ್ಕೆತ್ತಿದಾಗ ಅಲುಗಿದರೆ ದೋಷ ತಿರುಗಣೆಯದು, ಅಲುಗದಿದ್ದರೆ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪಿನಿಂದ ಅಳೆಯಬೇಕು. ಎರಡು ಅಳತೆಗಳೂ ಸಮನಾಗಿದ್ದರೆ ಚೌಕಟ್ಟು ನೆಟ್ಟಗಿದೆ. ನಮ್ಮಲ್ಲಿ ಎರಡರ ನಡುವೆ 2 ಮಿ.ಮೀ. ವ್ಯತ್ಯಾಸವಿತ್ತು, ಅಷ್ಟನ್ನು ಕಟ್ಟುವಾಗ ನಾನೇ ಮಾಡಿರುತ್ತೇನೆ. ಸುಣ್ಣ ಹತ್ತಿದ್ದು ಮಾತ್ರ ಮೇಲಡ್ಡಪಟ್ಟಿಯ ನಟ್ಟನಡುವೆ, ಎರಡು ಗೇಣು ಅಗಲಕ್ಕೆ. ಪಟ್ಟಿಯ ಎರಡು ತುದಿಗಳಿಗೆ ದಾರ ಎಳೆದು ನೋಡಿದಾಗ ನಡುಭಾಗ 5 ಮಿ.ಮೀ. ಕೆಳಗೆ ಬಾಗಿತ್ತು. ಮೇಲಿನಿಂದ ಏನೋ ಅದನ್ನು ಒತ್ತುತ್ತಿತ್ತು.

ಎರಡನೆಯ ಪರೀಕ್ಷೆ ಆ ಒತ್ತಡವನ್ನು ಹುಡುಕುವುದು. ಬಾಗಿಲಿನ ಮೇಲಿನ ಅಲಂಕಾರದ ಪಟ್ಟಿಯನ್ನು ಬಿಚ್ಚಿ, ಚೌಕಟ್ಟಿಗೂ ಅದರ ಮೇಲಿನ ದಿಮ್ಮಿಗೂ ನಡುವೆ ಹ್ಯಾಕ್ಸಾ ಬ್ಲೇಡನ್ನು ತೂರಿಸಿ ನೋಡಿದೆ. ಅರ್ಧ ಇಂಚು ಬಿಟ್ಟಿದ್ದ ಜಾಗದಲ್ಲಿ ಬ್ಲೇಡೇ ಹೋಗಲಿಲ್ಲ. ನಾನು ತುರುಕಿದ್ದ ಪಟ್ಟಿ ಚಪ್ಪಟೆಯಾಗಿ, ನಾರು ಬಿಟ್ಟುಕೊಂಡು, ಹಲಸಿನ ಹಪ್ಪಳದಷ್ಟು ತೆಳುವಾಗಿತ್ತು. ಚೌಕಟ್ಟಿನ ಎರಡು ಪಕ್ಕಗಳಲ್ಲಿ ಪ್ರತಿ ದಿಮ್ಮಿಗೂ ಒಂದೊಂದರಂತೆ ಹೊಡೆದಿದ್ದ ಸ್ಕ್ರೂಗಳಲ್ಲಿ ಮೇಲಿನದೊಂದನ್ನು ತಿರುಗಿಸಿ ತೆಗೆದಾಗ ಅದು ನೇರವಾಗಿ ಬರಲಿಲ್ಲ, ನಡುವೆ ಕೊಕ್ಕೆಯಂತೆ ಕೆಳಬಾಗಿತ್ತು. ಚೌಕಟ್ಟಿನ ರಂಧ್ರದ ಕೆಳತುಟಿಯಲ್ಲಿ ಮರ ಜಜ್ಜಿ ಹೊಳೆಯುತ್ತಿತ್ತು. ದಿಮ್ಮಿ ಇಳಿಯಲು ಎಳೆದಿದೆ, ಸ್ಕ್ರೂ ಅದನ್ನು ನೇತುಹಾಕಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಆದರೂ ಸಂಖ್ಯೆಯಲ್ಲಿ ನೋಡುವುದು ಒಳ್ಳೆಯದು. ಮರ ಉದ್ದಕ್ಕೆ ಕುಗ್ಗುವುದಿಲ್ಲ ಎಂದೆನಲ್ಲ, ಅದೇ ಗುಣವನ್ನು ಅಳತೆಗೋಲಾಗಿ ಬಳಸಬಹುದು. ಒಣಗಿದ ನೇರ ರೀಪೊಂದನ್ನು ಗೋಡೆಗೆ ಲಂಬವಾಗಿ ನಿಲ್ಲಿಸಿ, ತೀರ ಕೆಳಗಿನ ದಿಮ್ಮಿಗೆ ಮಾತ್ರ ಒಂದು ಸ್ಕ್ರೂ ಹೊಡೆದು, ಮೇಲ್ತುದಿಯನ್ನು ಬಿಟ್ಟುಬಿಡಬೇಕು. ತೀರ ಮೇಲಿನ ದಿಮ್ಮಿಯ ಅಂಚು ರೀಪಿನ ಮೇಲೆ ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಎಳೆದು ತಾರೀಖು ಬರೆಯಬೇಕು. ನಾಲ್ಕು ಮೂಲೆಗೂ, ಪ್ರತಿ ಬಾಗಿಲು ಮತ್ತು ಕಿಟಕಿಯ ಎರಡು ಪಕ್ಕಕ್ಕೂ ಇಂಥ ಸಾಕ್ಷಿಕೋಲುಗಳನ್ನು ಮನೆ ಕಟ್ಟಿದ ದಿನವೇ ನಿಲ್ಲಿಸುವುದು ಉತ್ತಮ. ನಾನು ಆ ಬುದ್ಧಿವಂತಿಕೆ ಮಾಡಿರಲಿಲ್ಲ, ಕಟ್ಟಿದ ದಿನದ ಎತ್ತರ 2134 ಮಿ.ಮೀ. ಎಂದು ಗೋಡೆಯ ಒಳಮೈಯಲ್ಲಿ ನಾಲ್ಕಾರು ಕಡೆ ಬರೆದಿಟ್ಟಿದ್ದಷ್ಟೇ ದಕ್ಕಿತು. ಹತ್ತು ತಿಂಗಳ ಮೇಲೆ ಅಳೆದಾಗ ಹಿಂದಿನ ಮೂಲೆ 41 ಮಿ.ಮೀ. ಇಳಿದಿತ್ತು, ಬಾಗಿಲಿನ ಪಕ್ಕ ಬರೀ 15. ಒಂದೇ ಮರ, ಒಂದೇ ವಯಸ್ಸು, ಒಂದೇ ಸೂರಿನ ಕೆಳಗೆ ಇಷ್ಟು ವ್ಯತ್ಯಾಸವಿದ್ದರೆ ಎಲ್ಲೋ ಗೋಡೆಯನ್ನು ಎತ್ತಿಹಿಡಿಯಲಾಗಿದೆ ಎಂದೇ ಅರ್ಥ.

ಇನ್ನೆಷ್ಟು ಇಳಿಯಬಹುದು ಎಂಬ ಅಂದಾಜಿಗೆ ತೇವಾಂಶ ತಿಳಿದಿರಬೇಕು. ಕಟ್ಟುವಾಗ ಉಳಿದು ಶೀಟಿನ ಕೆಳಗೆ ಪೇರಿಸಿದ್ದ ದಿಮ್ಮಿಯೊಂದರ ನಡುಭಾಗದಿಂದ ಒಂದಿಂಚು ದಪ್ಪದ ಬಿಲ್ಲೆ ಕೊಯ್ದು, ಅದರಲ್ಲೊಂದು ಹೋಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ತುದಿಯ ಭಾಗ ಬೇಗ ಒಣಗಿರುವುದರಿಂದ ಅಲ್ಲಿಂದ ತೆಗೆಯಬಾರದು. ಹೋಳು 340 ಗ್ರಾಂ ಇತ್ತು. ಕೇಕ್ ಬೇಯಿಸುವ ಓವನ್ನಿನಲ್ಲಿ ಸುಮಾರು 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಗಂಟೆಗೊಮ್ಮೆ ತೂಗುತ್ತ, ತೂಕ ಇನ್ನು ಇಳಿಯದೆಂದಾದಾಗ 272 ಗ್ರಾಂಗೆ ನಿಂತಿತು. ಹೋದ 68 ಗ್ರಾಂ ನೀರನ್ನು ಒಣತೂಕವಾದ 272ರಿಂದ ಭಾಗಿಸಿದರೆ ಶೇ 25. ಮರ ಕಡಿದು ವರ್ಷವಾದ ಮೇಲೂ ಒಳಗೆ ಇಷ್ಟು ತೇವವಿತ್ತೆಂದರೆ ಇಳಿತ ಮುಗಿದಿಲ್ಲವೆಂದು ಖಚಿತವಾಯಿತು. ಮನೆಯವರು ಆ ಓವನ್ನಿನಲ್ಲಿ ಮತ್ತೆ ಬಿಸ್ಕತ್ತು ಮಾಡಲು ಒಪ್ಪಲು ಬಹಳ ದಿನ ಬೇಕಾಯಿತು, ಮರದ ವಾಸನೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಪರಿಹಾರವೆಂದರೆ ಚೌಕಟ್ಟನ್ನು ದಿಮ್ಮಿಗಳಿಂದ ಬಿಡಿಸುವುದು. ಚೌಕಟ್ಟಿನ ಎರಡು ಪಕ್ಕವನ್ನು ಒಮ್ಮೆಗೇ ಬಿಚ್ಚಬಾರದು, ದಿಮ್ಮಿಯ ತುದಿಗಳು ಒಳಕ್ಕೋ ಹೊರಕ್ಕೋ ಜರುಗಿದರೆ ಮತ್ತೆ ಸಾಲಿಗೆ ತರುವುದು ಒಬ್ಬರ ಕೈಯ ಕೆಲಸವಲ್ಲ. ಗೋಡೆಯ ಒಳಗೂ ಹೊರಗೂ ಬಲವಾದ ರೀಪುಗಳನ್ನು ನಿಲ್ಲಿಸಿ, ದಿಮ್ಮಿಗಳಿಗೆ ಸ್ಕ್ರೂ ಹೊಡೆಯದೆ, ಬಾಗಿಲಿನ ತೆರಪಿನ ಮೂಲಕ ಹಾಯ್ದ ಹಗ್ಗದಿಂದ ಒಂದಕ್ಕೊಂದು ಬಿಗಿದು ಕಟ್ಟಿದ ಮೇಲೆ, ಒಂದು ಬದಿಯ ಸ್ಕ್ರೂಗಳನ್ನು ತೆಗೆದೆ. ಬಾಗಿ ಹೊರಬಾರದವನ್ನು ಸಂದಿನೊಳಗೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಕಡೆಯ ಸ್ಕ್ರೂ ತುಂಡಾದಾಗ ಮೇಲಿನ ನಾಲ್ಕು ದಿಮ್ಮಿಗಳು ಟಕ್ಕೆಂದು ಸದ್ದು ಮಾಡಿ ಒಂದೇ ಪಟ್ಟಿಗೆ 8 ಮಿ.ಮೀ. ಇಳಿದವು. ಆ ಹೊತ್ತಿನಲ್ಲಿ ಬೆರಳು ಸಂದಿನಲ್ಲಿದ್ದರೆ ಉಳಿಯುತ್ತಿರಲಿಲ್ಲ, ಬ್ಲೇಡಿಗೆ ಉದ್ದನೆಯ ಹಿಡಿ ಕಟ್ಟಿಕೊಂಡೇ ಈ ಕೆಲಸ ಮಾಡಬೇಕು.

ಅನಂತರ ದಿಮ್ಮಿಗಳ ತುದಿಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಎರಡಿಂಚು ಅಗಲ, ಎರಡಿಂಚು ಆಳದ ಒಂದು ತೋಡನ್ನು ಉಳಿಯಿಂದ ಹೊಡೆದು, ಅದರೊಳಗೆ ಜಾರುವಂತೆ ಒಂದು ಮರದ ಪಟ್ಟಿಯನ್ನು ಇಳಿಬಿಟ್ಟು, ಚೌಕಟ್ಟಿನ ಸ್ಕ್ರೂಗಳನ್ನು ಆ ಪಟ್ಟಿಗೆ ಮಾತ್ರ ಹೊಡೆದೆ. ಪಟ್ಟಿ ದಿಮ್ಮಿಗಳನ್ನು ಪಕ್ಕಕ್ಕೆ ಜರುಗದಂತೆ ಹಿಡಿಯುತ್ತದೆ, ಕೆಳಕ್ಕೆ ಇಳಿಯಲು ಬಿಡುತ್ತದೆ. ಬಾಗಿಲಿನ ಮೇಲಿನ ದಿಮ್ಮಿಯ ಕೆಳಮೈಯನ್ನು ಎರಡೂವರೆ ಇಂಚು ಕೊಯ್ದು ಜಾಗ ಮಾಡಿ, ಅದನ್ನು ಸಡಿಲವಾಗಿ ತುಂಬಿದ ತೆಂಗಿನ ನಾರಿನಿಂದ ಮುಚ್ಚಿ, ಹೊರಗಿನಿಂದ ಒಂದು ಅಗಲವಾದ ಹಲಗೆ ಹೊಡೆದೆ. ಈ ಹಲಗೆಯ ಮೊಳೆಗಳು ಮೇಲಿನ ದಿಮ್ಮಿಗೆ ಮಾತ್ರ ಇರಬೇಕು, ಚೌಕಟ್ಟಿಗೆ ಒಂದು ಮೊಳೆ ತಾಗಿದರೂ ಮಾಡಿದ್ದೆಲ್ಲ ವ್ಯರ್ಥ.

ಕದದ ಉಬ್ಬಿಗೆ ಮದ್ದು ಬೇರೆ. ಕದಕ್ಕೆ ಎಲ್ಲರೂ ಮುಂದೆ ಹಿಂದೆ ಬಣ್ಣವನ್ನೋ ವಾರ್ನಿಷನ್ನೋ ಹೊಡೆಯುತ್ತಾರೆ, ಮೇಲಂಚು ಮತ್ತು ಕೆಳಂಚನ್ನು ಯಾರೂ ನೋಡುವುದಿಲ್ಲ. ಮರ ಹೆಚ್ಚಾಗಿ ನೀರು ಕುಡಿಯುವುದು ಹಾಗೆ ಬಿಟ್ಟ ಕೊಯ್ದ ತುದಿಗಳಿಂದಲೇ. ಬೇಸಿಗೆಯಲ್ಲಿ ಕದವನ್ನು ಕಳಚಿ ಆರೂ ಮುಖಗಳಿಗೆ ಬಳಿದು, ಚಿಲಕದ ಬದಿಯಲ್ಲಿ 4 ಮಿ.ಮೀ. ಸಡಿಲ ಬಿಟ್ಟು ಕೂರಿಸಿದ ಮೇಲೆ ಮುಂದಿನ ಮಳೆಗಾಲದಲ್ಲಿ ಹತ್ತರಿಯ ಅಗತ್ಯ ಬೀಳಲಿಲ್ಲ.

ದಿಮ್ಮಿಗಳ ನಡುವಿನ ಸಂದು ಮತ್ತು ಬಿರುಕು

ರಾತ್ರಿ ಒಳಗೆ ದೀಪ ಹಚ್ಚಿ ಹೊರಗಿನಿಂದ ಗೋಡೆಯನ್ನು ಸುತ್ತಿ ನೋಡಿದರೆ ಸಂದುಗಳ ನಕ್ಷೆಯೇ ಸಿಗುತ್ತದೆ. ಗಾಳಿ ಹೊಕ್ಕುವ ಜಾಗವನ್ನು ಊದುಬತ್ತಿಯ ಹೊಗೆ ತೋರಿಸುತ್ತದೆ. ಸಂದಿನ ಅಗಲಕ್ಕಿಂತ ಅದರ ಆಕಾರ ಹೆಚ್ಚು ಹೇಳುತ್ತದೆ. ಬಾಗಿಲು ಅಥವಾ ಕಿಟಕಿಯ ಬಳಿ ಅಗಲವಾಗಿದ್ದು ಮೂಲೆಯತ್ತ ಹೋದಂತೆ ಕಿರಿದಾದರೆ ಚೌಕಟ್ಟು ದಿಮ್ಮಿಗಳನ್ನು ನೇತುಹಾಕಿಕೊಂಡಿದೆ. ಮೂಲೆಗಳಲ್ಲಿ ಬಿಗಿಯಾಗಿದ್ದು ಗೋಡೆಯ ನಡುವೆ ಮಾತ್ರ ಸಮಾನವಾಗಿ ಬಿಟ್ಟಿದ್ದರೆ ಮೂಲೆಯ ಕಚ್ಚುಗಳು ಭಾರವನ್ನೆಲ್ಲ ಹೊತ್ತಿವೆ, ಅಂದರೆ ಕಚ್ಚಿನ ಆಳ ಸಾಲದಾಗಿದೆ. ಒಂದು ಮುಖದಲ್ಲಿ ಮಾತ್ರ ಸಂದಿದ್ದು ಒಳಗೆ ಬಿಗಿಯಾಗಿದ್ದರೆ ಆ ದಿಮ್ಮಿ ಒಣಗುವಾಗ ತಿರುಚಿಕೊಂಡಿದೆ, ಓರೆಯಾಗಿ ಬೆಳೆದ ಎಳೆಗಳ ಮರದಲ್ಲಿ ಇದು ಸಾಮಾನ್ಯ.

ವೈರಿಂಗಿನ ಪಿವಿಸಿ ಪೈಪು ಬಿಲ್ಲಾದದ್ದೂ ಇದೇ ಕಥೆಯ ಒಂದು ಅಧ್ಯಾಯ. ಅದನ್ನು ನಾಲ್ಕು ದಿಮ್ಮಿಗಳಿಗೆ ಬಿಗಿಯಾಗಿ ಕ್ಲಿಪ್ ಹೊಡೆದು ನಿಲ್ಲಿಸಿದ್ದೆ, ಗೋಡೆ ಇಳಿದಾಗ ಪೈಪಿಗೆ ಹೋಗಲು ಜಾಗವಿಲ್ಲದೆ ಹೊರಕ್ಕೆ ಬಾಗಿತು. ಪೈಪಿಗಾದರೆ ಬಾಗುವ ಗುಣವಿತ್ತು, ಅದರ ಪಕ್ಕದಲ್ಲಿದ್ದ ಪುಸ್ತಕದ ಕಪಾಟಿಗೆ ಇರಲಿಲ್ಲ, ಅದು ಗೋಡೆಯನ್ನೇ ಎತ್ತಿಹಿಡಿದಿತ್ತು. ಲಂಬವಾಗಿ ನಿಂತು ಎರಡಕ್ಕಿಂತ ಹೆಚ್ಚು ವರಸೆಗಳಿಗೆ ಸ್ಕ್ರೂ ಹೊಡೆಸಿಕೊಂಡ ವಸ್ತು ಯಾವುದೇ ಇರಲಿ, ಮೇಲಿನ ಸ್ಕ್ರೂವಿಗೆ ಉದ್ದನೆಯ ಸೀಳುರಂಧ್ರ ಮಾಡಿಕೊಟ್ಟರೆ ತೊಂದರೆ ತಪ್ಪುತ್ತದೆ.

ಸಂದುಗಳಿಗೆ ಸಿಮೆಂಟು ತುಂಬುವುದು ನಮ್ಮ ಕಡೆ ಮೊದಲು ಹೊಳೆಯುವ ಉಪಾಯ, ನಾನೂ ದಕ್ಷಿಣದ ಗೋಡೆಗೆ ಅದನ್ನೇ ಮಾಡಿದ್ದೆ. ಮರ ಕುಗ್ಗಿ ಹಿಗ್ಗುತ್ತದೆ, ಸಿಮೆಂಟು ಅಲುಗುವುದಿಲ್ಲ. ಮೂರೇ ತಿಂಗಳಲ್ಲಿ ಎರಡರ ನಡುವೆ ಕೂದಲೆಳೆಯ ಬಿರುಕು ಬಿದ್ದು, ಮಳೆ ಅದರೊಳಗೆ ಹೋದದ್ದು ಹೊರಬರಲು ದಾರಿ ಕಾಣದೆ, ಸಿಮೆಂಟಿನ ಹಿಂದೆ ದಿಮ್ಮಿ ಕಪ್ಪಾಗಿ ಮೆತ್ತಗಾಗಿತ್ತು. ಇಳಿತ ಪೂರ್ತಿ ಮುಗಿಯುವವರೆಗೆ ತೆಂಗಿನ ನಾರನ್ನು ಹುರಿಮಾಡಿ ಒಳಗಿನಿಂದ ಕೊಡತಿ ಮತ್ತು ಮೊಂಡು ಉಳಿಯಿಂದ ಒತ್ತಿ ತುಂಬುವುದು ಸಾಕು. ಅರಸೀಕೆರೆ ಕಡೆಯ ನಾರು ಬೇಕಾದಷ್ಟು ಸಿಗುತ್ತದೆ. ಹೊರಮೈಗೆ ನಾರು ಬಿಡಬಾರದು, ಅದು ಮಳೆನೀರನ್ನು ಹೀರಿ ಹಿಡಿದಿಡುತ್ತದೆ. ಇಳಿತ ನಿಂತ ಮೇಲೆ, ಸಂದು ಅತಿ ಹೆಚ್ಚು ಅಗಲವಾಗಿರುವ ಮಾರ್ಚಿನಲ್ಲಿ, ಒಳಗೆ ಫೋಮಿನ ಹಗ್ಗವಿಟ್ಟು ಮೇಲೆ ಎಳೆದರೆ ಹಿಗ್ಗುವ ಸೀಲಂಟನ್ನು ಹಚ್ಚಬಹುದು.

ದಿಮ್ಮಿಯ ಮೈಯಲ್ಲೇ ಉದ್ದಕ್ಕೆ ಬಿಡುವ ಬಿರುಕನ್ನು ಕಂಡು ಹೆದರಬೇಕಾಗಿಲ್ಲ. ಹೊರಪದರ ತಿರುಳಿಗಿಂತ ಬೇಗ ಒಣಗುವುದರಿಂದ ಅದು ಬಂದೇ ಬರುತ್ತದೆ, ಸಾಮಾನ್ಯವಾಗಿ ತಿರುಳಿನವರೆಗೆ ಹೋಗಿ ನಿಲ್ಲುತ್ತದೆ, ಗೋಡೆಯ ಬಲವನ್ನು ಕುಂದಿಸುವುದಿಲ್ಲ. ಕೆಳಮುಖವಾಗಿರುವ ಬಿರುಕನ್ನು ಹಾಗೇ ಬಿಡಬೇಕು. ಮೇಲ್ಮುಖವಾಗಿ ಬಾಯಿ ತೆರೆದು ಮಳೆ ಬೀಳುವ ಗೋಡೆಯಲ್ಲಿರುವುದನ್ನು ಮಾತ್ರ ಮುಚ್ಚಬೇಕು, ಏಕೆಂದರೆ ಅದು ದೋಣಿಯಂತೆ ನೀರು ಹಿಡಿಯುತ್ತದೆ. ಕಡೂರು, ಅರಸೀಕೆರೆಯ ಒಣ ಹವೆಯಲ್ಲಿ ಈ ಬಿರುಕುಗಳು ನಮ್ಮದಕ್ಕಿಂತ ಬೇಗ, ನಮ್ಮದಕ್ಕಿಂತ ಅಗಲವಾಗಿ ಬರುತ್ತವೆ. ಅಲ್ಲಿ ಕಟ್ಟುವವರು ದಿಮ್ಮಿಯ ತುದಿಗಳಿಗೆ ಕಡಿದ ದಿನವೇ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು ನೆರಳಿನಲ್ಲಿ ಪೇರಿಸುವುದು ಒಳಿತು.

ನೀರು ಎಲ್ಲಿಂದ ಬರುತ್ತಿದೆ

ಜಗಲಿಯ ಶೀಟಿನಿಂದ ಹನಿ ಬೀಳುತ್ತಿದ್ದಾಗ ಎರಡು ಸಲ ಸ್ಕ್ರೂಗಳ ವಾಷರು ಬದಲಿಸಿದೆ, ಒಮ್ಮೆ ಟಾರು ಬಳಿದೆ. ಮುಂದೆ ಡಿಸೆಂಬರಿನ ಒಂದು ಮುಂಜಾನೆ, ಹದಿನೈದು ದಿನದಿಂದ ಮಳೆಯೇ ಇಲ್ಲದಿದ್ದರೂ ಕುರ್ಚಿಯ ಮೇಲೆ ಹನಿ ಬಿದ್ದಿತ್ತು. ರಾತ್ರಿ ಬಯಲಿಗೆ ಶಾಖ ಬಿಟ್ಟು ತಣ್ಣಗಾದ ತಗಡಿನ ಕೆಳಮೈಯಲ್ಲಿ ಮಂಜಿನ ತೇವ ಇಬ್ಬನಿಯಾಗಿ ಕಟ್ಟಿಕೊಂಡು ತೊಟ್ಟಿಕ್ಕುತ್ತಿತ್ತು. ಹಾಗಾಗಿ ಸೋರಿಕೆಯ ಮೊದಲ ಪ್ರಶ್ನೆ ಮಳೆಯಿಲ್ಲದ ದಿನವೂ ಹನಿಯುತ್ತದೆಯೇ ಎಂಬುದು. ಹನಿಯುವುದಾದರೆ ಶೀಟಿಗೆ ಟಾರು ಬಳಿದು ಫಲವಿಲ್ಲ, ಅದರ ಕೆಳಗೆ ಶಾಖ ತಡೆಯುವ ಪದರ ಬೇಕು.

ಮಳೆ ಬಂದಾಗ ಮಾತ್ರ, ಅದೂ ಜಗಲಿಯ ಮಾಡು ಗೋಡೆಗೆ ಸೇರುವಲ್ಲಿ ಮಾತ್ರ ಬರುತ್ತಿದ್ದ ನೀರು ಬೇರೆಯದು. ಇದನ್ನು ಹುಡುಕಲು ಬೇಸಿಗೆಯಲ್ಲಿ ಪೈಪಿನಿಂದ ನೀರು ಬಿಡಬೇಕು, ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಸೂರಿನಂಚಿನಲ್ಲಿ ಹತ್ತು ನಿಮಿಷ, ಶೀಟಿನ ನಡುವೆ ಹತ್ತು ನಿಮಿಷ, ಗೋಡೆಯ ಸಂಧಿಯಲ್ಲಿ ಹತ್ತು ನಿಮಿಷ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆಯೂ ಹರಿದು, ಎಲ್ಲಿಂದ ಒಳಬಂತೆಂದು ತಿಳಿಯುವುದಿಲ್ಲ. ನಮ್ಮಲ್ಲಿ ನೀರು ಬಂದದ್ದು ಕೊನೆಯ ಹತ್ತು ನಿಮಿಷದಲ್ಲಿ. ಏಣಿ ಹತ್ತಿ ನೋಡಿದರೆ ಸಂಧಿಗೆ ಹೊಡೆದಿದ್ದ ತಗಡಿನ ಪಟ್ಟಿ ಸುಕ್ಕುಗಟ್ಟಿ ಗೋಡೆಯಿಂದ ಬಾಯಿ ಬಿಟ್ಟಿತ್ತು. ಗೋಡೆಗೆ ಕೂರಿಸಿದ ಜಗಲಿಯ ತೊಲೆ ಗೋಡೆಯೊಡನೆ ಇಳಿದಿತ್ತು. ಹೊರಗಿನ ಕಂಬಗಳು ನಿಂತ ಮರ, ಅವು ಇಳಿದಿರಲಿಲ್ಲ. ಆರಡಿಗೆ ಆರು ಇಂಚಿನಂತೆ ಕೊಟ್ಟಿದ್ದ ಇಳಿಜಾರು ನಾಲ್ಕೂವರೆಗೆ ಬಂದಿತ್ತು, ಗಾಳಿ ಬೀಸಿದಾಗ ನೀರು ಹಿಂದಕ್ಕೆ ಏರಿ ಆ ಬಾಯಿಯೊಳಗೆ ಇಳಿಯುತ್ತಿತ್ತು.

ಮಾಡಿನಲ್ಲಿ ಏನೂ ಸೋರದೆ ಕೆಳಗಿನ ಎರಡು ಮೂರು ದಿಮ್ಮಿಗಳು ಮಾತ್ರ ನೆನೆದು ಪಾಚಿ ಕಟ್ಟಿದ್ದರೆ ಅದು ಸೂರಿನ ನೀರು ನೆಲಕ್ಕೆ ಬಿದ್ದು ಚಿಮ್ಮಿದ್ದು. ಗೋಡೆಯ ಮೇಲೆ ಕೆಮ್ಮಣ್ಣಿನ ಚುಕ್ಕೆಗಳು ಎಷ್ಟೆತ್ತರಕ್ಕಿವೆ ಎಂದು ನೋಡಿದರೆ ಸಾಕು. ನಮ್ಮ ಹಳೆಯ ತೊಟ್ಟಿಮನೆಗಳ ಸೂರು ಮೂರಡಿ ಚಾಚಿರುತ್ತಿದ್ದುದು, ಜಗಲಿ ಎತ್ತರಕ್ಕಿರುತ್ತಿದ್ದುದು ಸೊಗಸಿಗಲ್ಲ. ಸೈಜುಗಲ್ಲಿನ ಪಾಯವನ್ನು ಒಂದೂವರೆ ಅಡಿ ಎತ್ತರಿಸಿ, ಸೂರಿನ ಕೆಳಗೆ ಜಲ್ಲಿ ಹರಡಿದರೆ ಚಿಮ್ಮುವುದು ತೀರ ಕಡಿಮೆಯಾಗುತ್ತದೆ.

ಹುಳುವಿನ ಗುರುತು

ಗೆದ್ದಲು ಬಂದಿದೆಯೇ ಎಂಬುದನ್ನು ಪಾಯದ ಕಲ್ಲಿನ ಮೇಲೆ ಹತ್ತುವ ಮಣ್ಣಿನ ಕೊಳವೆ ಹೇಳುತ್ತದೆ. ಕೊಳವೆಯನ್ನು ಎರಡಿಂಚು ಮುರಿದು ಬಿಟ್ಟು, ಎರಡು ದಿನ ಕಳೆದು ನೋಡಿದಾಗ ಅದು ಮತ್ತೆ ಕೂಡಿಕೊಂಡಿದ್ದರೆ ಹುಳು ಇನ್ನೂ ಓಡಾಡುತ್ತಿದೆ. ಗೋಡೆಗೆ ಒರಗಿಸಿದ ಸೌದೆ, ಪಕ್ಕದಲ್ಲೇ ಸುರಿದ ಕಾಫಿ ಸಿಪ್ಪೆಯ ರಾಶಿ ಇವುಗಳನ್ನು ಮೊದಲು ತೆಗೆಯಬೇಕು, ಮದ್ದು ಆಮೇಲೆ. ಕಟ್ಟಿದ ಮನೆಗೆ ಗೆದ್ದಲು ಮದ್ದು ಹಾಕುವ ಕ್ರಮ ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗದಲ್ಲಿದೆ, ಮದ್ದು ಹೊಡೆಯಲು ಬಂದವರನ್ನು ಅದರಂತೆ ಮಾಡುತ್ತೀರಾ ಎಂದು ಕೇಳಬೇಕು. ಬಾವಿ ಹತ್ತಿರವಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಕುಟ್ಟೆಹುಳು ಮಣ್ಣು ತರುವುದಿಲ್ಲ. ಒಂದೆರಡು ಮಿ.ಮೀ.ನ ಗುಂಡು ರಂಧ್ರ, ಕೆಳಗೆ ಹಿಟ್ಟಿನಷ್ಟು ನಯವಾದ ಪುಡಿ, ಇಷ್ಟೇ ಅದರ ಗುರುತು. ರಂಧ್ರ ಹಳೆಯದೋ ಹೊಸದೋ ತಿಳಿಯಲು ಪುಡಿಯನ್ನು ಗುಡಿಸಿ, ಕಪ್ಪು ಕಾಗದ ಹಾಸಿ, ವಾರ ಬಿಟ್ಟು ನೋಡಬೇಕು. ಚೆಂದಕ್ಕೆಂದು ಜಗಲಿಯ ಕಂಬಗಳ ತೊಗಟೆಯನ್ನು ನಾನು ಸುಲಿಸಿರಲಿಲ್ಲ, ಪುಡಿ ಬಿದ್ದದ್ದು ಅಲ್ಲೇ. ತೊಗಟೆಯ ಕೆಳಗಿನ ಬಿಳಿಯ ಪದರದಲ್ಲಿ ಪಿಷ್ಟ ಹೆಚ್ಚು, ಈ ಹುಳುವಿಗೆ ಬೇಕಾದ್ದು ಅದೇ. ತೊಗಟೆ ಸುಲಿದು, ಬೋರಿಕ್ ಆಸಿಡ್ ಮತ್ತು ಬೊರಾಕ್ಸನ್ನು ಒಂದಕ್ಕೆ ಒಂದೂವರೆ ಪಾಲಿನಂತೆ ಬಿಸಿನೀರಿನಲ್ಲಿ ಕರಗಿಸಿ ಮೂರು ಸಲ ಬಳಿದೆ. ಈ ಮದ್ದು ಮಳೆಗೆ ತೊಳೆದುಹೋಗುವುದರಿಂದ ಒಣಗಿದ ಮೇಲೆ ಎಣ್ಣೆ ಕೊಡಲೇಬೇಕು. ಹೊರಗಿನ ಮರಕ್ಕೆ ನಮ್ಮ ಕಡೆಯ ಗೇರು ಎಣ್ಣೆ ಚೆನ್ನಾಗಿ ಬಾಳುತ್ತದೆ, ಆದರೆ ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಡಬ್ಬಿ ತೆರೆಯಬಾರದು. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡದೆ ಹರಡಿ ಒಣಗಿಸಬೇಕು, ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬೆರಳು ಹೋಗುವಷ್ಟು ದೊಡ್ಡ ರಂಧ್ರವೂ ಒರಟು ಮರದಪುಡಿಯೂ ಕಂಡರೆ ಅದು ಕರಿಯ ದುಂಬಿ, ಬಟ್ಟೆ ತುರುಕಿ ಬಣ್ಣ ಬಳಿದರೆ ಹೋಗುತ್ತದೆ. ಪಕ್ಕದ ತೋಟದವರೊಬ್ಬರು ನಮ್ಮ ಪುಡಿಯನ್ನು ಕಂಡು ಕಾಫಿಯ ಕಾಂಡಕೊರಕ ಬಂತೆಂದು ಗಾಬರಿಯಾಗಿದ್ದರು. ಅದು ಕಾಫಿ ಗಿಡದ ಕೀಟ, ಒಣಗಿದ ಸಿಲ್ವರ್ ಓಕ್ ಕಂಬದ ಪುಡಿಗೂ ಅದಕ್ಕೂ ಸಂಬಂಧವಿಲ್ಲ.

ಜಗಲಿಯ ಕಂಬಗಳಿಗೆ ಮಾಡಿದ ಉಪಾಯ

ಸೋರಿಕೆಗೆ ತಗಡಿನ ಪಟ್ಟಿ ಬದಲಿಸಿದ್ದು ತಾತ್ಕಾಲಿಕ. ಇಳಿಯುವ ಗೋಡೆಗೂ ಇಳಿಯದ ಕಂಬಕ್ಕೂ ಹೊಂದಾಣಿಕೆ ತರಲು, ಮಾಡಿಗೆ ಜಾಕಿ ಕೊಟ್ಟು, ಪ್ರತಿ ಕಂಬದ ಬುಡದಲ್ಲಿ ನಾಲ್ಕು ಇಂಚು ಕೊಯ್ದು, ದಪ್ಪ ತಗಡಿನ ಎರಡು ಬಿಲ್ಲೆಗಳ ನಡುವೆ ಒಂದಿಂಚಿನ ಬೋಲ್ಟು ಮತ್ತು ನಟ್ಟನ್ನು ಕೂರಿಸಿಕೊಂಡೆ. ಗ್ರಿಲ್ ಕೆಲಸದ ಅಂಗಡಿಯಲ್ಲಿ ಇದನ್ನು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಆಮೇಲೆ ನಿಲ್ಲಿಸಿದ ಸಾಕ್ಷಿಕೋಲಿನ ಗೆರೆಯಿಂದ ದಿಮ್ಮಿ ಎಷ್ಟು ಇಳಿದಿದೆಯೋ ಅಷ್ಟು ನಟ್ಟನ್ನು ತಿರುಗಿಸಿ ಕಂಬವನ್ನೂ ಇಳಿಸಬೇಕು, ಒಮ್ಮೆಗೆ 5 ಮಿ.ಮೀ.ಗಿಂತ ಹೆಚ್ಚಲ್ಲ, ಎಲ್ಲ ಕಂಬಗಳನ್ನೂ ಸಮವಾಗಿ, ಪ್ರತಿ ಸಲ ರಸಮಟ್ಟ ಇಟ್ಟು ನೋಡಿ. ಮೊದಲ ವರ್ಷ ನಾಲ್ಕು ಸಲ ತಿರುಗಿಸಬೇಕಾಯಿತು. ಎರಡನೆಯ ವರ್ಷ ಎರಡು ಸಲ. ಈ ಮಾರ್ಚಿನಲ್ಲಿ ಹಿಂದಿನ ಮೂಲೆಯ ಗೆರೆ ಕಳೆದ ಮಾರ್ಚಿನದಕ್ಕಿಂತ ಬರೀ 2 ಮಿ.ಮೀ. ಕೆಳಗಿತ್ತು, ಬಾಗಿಲಿನ ಪಕ್ಕದ್ದು 3. ಮುಂದಿನ ಮಾರ್ಚಿನ ಅಳತೆಯಲ್ಲಿಯೂ ಎರಡೂ ಇಷ್ಟರೊಳಗೇ ಇದ್ದರೆ ದಕ್ಷಿಣದ ಗೋಡೆಯ ಉಳಿದ ಸಿಮೆಂಟನ್ನು ಕಿತ್ತು ಸೀಲಂಟು ಹಚ್ಚುತ್ತೇನೆ, ಅಲ್ಲಿಯವರೆಗೆ ಅಲ್ಲಿ ನಾರಿನ ಹುರಿಯೇ ಇರಲಿ.